ಹಗ್ಗ ಎಳೆದು ತೋಳು ಸೋತಾಗ: ಸ್ಟಾರ್ಟ್ ಆಗದ ಟೂ-ಸ್ಟ್ರೋಕ್ ಮಿನಿ ಎಟಿವಿಯ ದೋಷ ಹುಡುಕುವ ಬಗೆ

ಮೇ ಕೊನೆಯಲ್ಲಿ ಶೆಡ್ಡಿಗೆ ತಳ್ಳಿದ ಮಿನಿ ಎಟಿವಿಯನ್ನು, ಅಂದರೆ ಮಕ್ಕಳು ಓಡಿಸುವ ಆ ನಾಲ್ಕು ಚಕ್ರದ ಪುಟ್ಟ ಗಾಡಿಯನ್ನು, ದಸರಾ ರಜೆಗೆ ಮಕ್ಕಳು ಬಂದಾಗ ಹೊರಗೆ ತರುತ್ತೀರಿ. ಟಾರ್ಪಾಲು ತೆಗೆದು, ಜೇಡರ ಬಲೆ ಒರೆಸಿ, ಹಗ್ಗ ಎಳೆಯುತ್ತೀರಿ. ಏನಿಲ್ಲ. ಆಮೇಲೆ ಭಾವ ಎಳೆಯುತ್ತಾರೆ, ತೋಟದ ಕೆಲಸಕ್ಕೆ ಬಂದ ಹುಡುಗ ಎಳೆಯುತ್ತಾನೆ, ಕೊನೆಗೆ 'ಸರೀರಿ, ನಂಗೊತ್ತು ಇದು' ಅಂತ ಮುಂದೆ ಬಂದವರ ಕೈಯಲ್ಲಿ ಹಗ್ಗದ ಹಿಡಿ ಮಾತ್ರ ಉಳಿಯುತ್ತೆ. ಮಲೆನಾಡಿನ ಹೋಂಸ್ಟೇಗಳಲ್ಲಿ, ತೋಟದ ಮನೆಗಳಲ್ಲಿ ಅಕ್ಟೋಬರ್ ಬಂತೆಂದರೆ ಇದೇ ಕಥೆ. ನಮ್ಮ ಮನೆಯಲ್ಲೂ ಎರಡು ವರ್ಷ ಇದೇ ನಡೆಯಿತು, ಮೂರನೇ ವರ್ಷ ಬುದ್ಧಿ ಬಂತು.

ಗಾಡಿ ಆಟದ ಸಾಮಾನಿನ ಥರ ಕಂಡರೂ ಎಂಜಿನ್ ಆಟದ್ದಲ್ಲ. 49 ಸಿಸಿಯ ಒಂಟಿ ಸಿಲಿಂಡರ್, ಗಾಳಿಯಲ್ಲೇ ತಣಿಯುತ್ತೆ, ಪೆಟ್ರೋಲಿಗೆ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಆಯಿಲ್) ಬೆರೆಸಿ ಹಾಕಬೇಕು. ಕಿಡಿಗೆ ಬ್ಯಾಟರಿ ಬೇಕಿಲ್ಲ. ಫ್ಲೈವೀಲ್‌ನ ಮ್ಯಾಗ್ನೆಟ್ ಕಾಯಿಲ್ ಮುಂದೆ ಹಾದು ಹೋಗುವಾಗ ಹುಟ್ಟುವ ಕರೆಂಟೇ ಪ್ಲಗ್‌ನಲ್ಲಿ ಕಿಡಿಯಾಗುತ್ತೆ. ತೋಟದಲ್ಲಿ ಹುಲ್ಲು ಹೊಡೆಯೋ ಮೆಷಿನ್ ಇಟ್ಟುಕೊಂಡವರಿಗೆ, ಒಂದು ಕಾಲದಲ್ಲಿ ಆರ್‌ಎಕ್ಸ್ 100 ಓಡಿಸಿದವರಿಗೆ ಇದರ ಸ್ವಭಾವ ಅರ್ಧ ಗೊತ್ತೇ ಇರುತ್ತೆ.

ಯಾವ ಪೆಟ್ರೋಲ್ ಎಂಜಿನ್ನಿಗಾದರೂ ಕಿಡಿ, ಪೆಟ್ರೋಲು, ಕಂಪ್ರೆಶನ್ (ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ) ಈ ಮೂರು ಬೇಕು. ಟೂ-ಸ್ಟ್ರೋಕಿನಲ್ಲಿ ಇನ್ನೊಂದು ತಕರಾರು ಸೇರುತ್ತೆ. ಪೆಟ್ರೋಲು-ಗಾಳಿ ಮೊದಲು ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಹೋಗಿ, ಅಲ್ಲಿಂದ ಮೇಲೆ ತಳ್ಳಿಸಿಕೊಂಡು ಬರುತ್ತೆ. ಹಾಗಾಗಿ ಕೆಳಗಿನ ಆ ಡಬ್ಬಿಗೂ ಎಲ್ಲೂ ಗಾಳಿ ಸೋರಬಾರದು. ಇದೊಂದು ನೆನಪಿದ್ದರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತೆ.

ನಾನು ಪಾಲಿಸುವ ನಿಯಮ ಒಂದೇ. ಚೋಕ್ ಹಾಕಿ ಆರು ಸಲ ಎಳೆದರೂ 'ಫಟ್' ಅನ್ನದಿದ್ದರೆ ಏಳನೆಯ ಸಲ ಎಳೆಯದೆ ಪ್ಲಗ್ ಬಿಚ್ಚುವುದು. ಅದರ ತುದಿ ಒದ್ದೆಯೋ ಒಣವೋ ಅನ್ನುವುದು ಅರ್ಧ ಉತ್ತರ. ಕಾರ್ಬುರೇಟರಿನ ಸ್ಕ್ರೂಗಳನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಕಳೆದ ರಜೆಯಲ್ಲಿ ಚೆನ್ನಾಗಿ ಓಡಿದ ಗಾಡಿಯ ಸ್ಕ್ರೂ ಶೆಡ್ಡಿನಲ್ಲಿ ನಿಂತಲ್ಲೇ ತಾನಾಗಿ ತಿರುಗಿರಲ್ಲ. ನೀವು ತಿರುಗಿಸಿದರೆ ಇದ್ದ ದೋಷದ ಜೊತೆ ಹೊಸದೊಂದು ಸೇರುತ್ತೆ, ಆಮೇಲೆ ಯಾವುದು ಯಾವುದೆಂದು ಹೇಳಲು ಯಾರಿಂದಲೂ ಆಗಲ್ಲ.

ಕೈ ಹಾಕುವ ಮುಂಚೆ

ಗಾಡಿಯನ್ನು ಅಂಗಳಕ್ಕೆ ತನ್ನಿ. ಮುಚ್ಚಿದ ಶೆಡ್ಡಿನಲ್ಲಿ ಟೂ-ಸ್ಟ್ರೋಕ್ ಓಡಿಸಿದರೆ ಹೊಗೆಯ ಜೊತೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತೆ. ಅದಕ್ಕೆ ವಾಸನೆ ಇಲ್ಲ, ತಲೆ ಸುತ್ತಿದಾಗಲೇ ಗೊತ್ತಾಗುವುದು. ಬಚ್ಚಲೊಲೆ, ಬೀಡಿ, ದೀಪ ಯಾವುದೂ ಹತ್ತಿರ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿದು ದೂರದ ಒಲೆಯನ್ನೂ ಮುಟ್ಟುತ್ತೆ.

ಹಿಂದಿನ ಚಕ್ರ ನೆಲದಿಂದ ಮೇಲೆ ಇರುವಂತೆ ಚೌಕಟ್ಟಿನ ಕೆಳಗೆ ಗಟ್ಟಿ ದಿಮ್ಮಿ ಕೊಡಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ. ಥ್ರಾಟಲ್ ಒತ್ತಿ ಬಿಡಿ, 'ಟಕ್' ಅಂತ ವಾಪಸ್ ಬರಬೇಕು. ಕೇಬಲ್ ತುಕ್ಕು ಹಿಡಿದು ಅರ್ಧದಲ್ಲಿ ನಿಂತರೆ ಮೊದಲು ಅದನ್ನು ಸರಿ ಮಾಡಿ. ಸ್ಟಾರ್ಟ್ ಆಗದ ಗಾಡಿಗಿಂತ ಸ್ಟಾರ್ಟ್ ಆಗಿ ಅಡಿಕೆ ಮರಕ್ಕೆ ನುಗ್ಗುವ ಗಾಡಿ ಕೆಟ್ಟದ್ದು. ಮಕ್ಕಳನ್ನು ಜಗಲಿಯ ಮೇಲೆ ಕೂರಿಸಿ. ಚೈನಿನ ಹತ್ತಿರ ಬರುವ ಬೆರಳು ಯಾವಾಗಲೂ ಚಿಕ್ಕವರದೇ ಆಗಿರುತ್ತೆ.

ಎಷ್ಟು ಎಳೆದರೂ ಒಂದು 'ಫಟ್' ಕೂಡ ಇಲ್ಲ

ಇಲ್ಲಿಂದ ಶುರು ಮಾಡಿ, ಕಾಸು ಖರ್ಚಿಲ್ಲ. ಹ್ಯಾಂಡಲಿನ ಕೆಂಪು ಕಿಲ್ ಸ್ವಿಚ್ ಆನ್ ಕಡೆಗಿದೆಯೇ? ಸವಾರನ ಕೈಗೋ ಸೊಂಟಕ್ಕೋ ಕಟ್ಟುವ ಸುರುಳಿ ದಾರದ ಪಿನ್ ತನ್ನ ಜಾಗದಲ್ಲಿ ಪೂರ್ತಿ ಕೂತಿದೆಯೇ? ಮಗು ಬಿದ್ದರೆ ಎಂಜಿನ್ ನಿಲ್ಲಲೆಂದು ಇಟ್ಟ ಪಿನ್ ಅದು. ಅರ್ಧ ಹೊರಗಿದ್ದರೂ ಕಿಡಿ ಬರಲ್ಲ. ಬಹಳ ಸಲ ಇಲ್ಲೇ ಕಥೆ ಮುಗಿಯುತ್ತೆ, ಆದರೆ ಒಪ್ಪಿಕೊಳ್ಳುವವರು ಕಡಿಮೆ.

ಪೆಟ್ರೋಲ್ ಕಾಕ್ ತೆರೆದಿದೆಯೇ, ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ನೋಡಿ. ಚೋಕಿನ ಲಿವರ್ ಯಾವ ಕಡೆ ತಿರುಗಿದರೆ ಮುಚ್ಚುತ್ತೆ ಅನ್ನುವುದು ಮಾದರಿಯಿಂದ ಮಾದರಿಗೆ ಬೇರೆ. ಏರ್ ಫಿಲ್ಟರ್ ಬಿಚ್ಚಿ ಕಾರ್ಬುರೇಟರಿನ ಬಾಯಿ ನೋಡಿದರೆ ಅನುಮಾನ ಉಳಿಯಲ್ಲ, ತಟ್ಟೆ ಅಡ್ಡ ಬಂದಿದ್ದರೆ ಚೋಕ್ ಬಿದ್ದಿದೆ ಎಂದರ್ಥ. ಫಿಲ್ಟರ್ ಬಿಚ್ಚಿದಾಗ ಅದನ್ನೂ ನೋಡಿ. ನಾಲ್ಕು ತಿಂಗಳು ನಿಂತ ಗಾಡಿಯ ಫಿಲ್ಟರ್ ಡಬ್ಬಿಯಲ್ಲಿ ಇಲಿ ಅಡಿಕೆ ಸಿಪ್ಪೆ ತಂದು ಸಂಸಾರ ಹೂಡಿದ್ದನ್ನು ನಾನು ಕಂಡಿದ್ದೇನೆ. ಸೈಲೆನ್ಸರಿನ ತುದಿಗೂ ಬೆರಳು ಹಾಕಿ, ಕುಂಬಾರ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತೆ. ಹೊಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಹೊಸ ಗಾಳಿ ಒಳಗೆ ಬರಲ್ಲ, ಕಿಡಿ-ಪೆಟ್ರೋಲು ಎರಡೂ ಸರಿಯಿದ್ದರೂ ಎಂಜಿನ್ ಸುಮ್ಮನಿರುತ್ತೆ.

ಚೋಕ್ ಹಾಕಿದಾಗ ಥ್ರಾಟಲ್ ಒತ್ತಬೇಡಿ. ಥ್ರಾಟಲ್ ತೆರೆದರೆ ಎಳೆತ ಚದುರಿಹೋಗಿ ಚೋಕ್ ಇದ್ದೂ ಇಲ್ಲದಂತೆ. ಹಗ್ಗವನ್ನು ಮೊದಲು ಮೆಲ್ಲಗೆ ಎಳೆದು ತಡೆ ಸಿಕ್ಕಿದಲ್ಲಿ ನಿಲ್ಲಿಸಿ, ಅಲ್ಲಿಂದ ಚುರುಕಾಗಿ ಒಂದು ಮೊಳ ಎಳೆಯಿರಿ. ಹಗ್ಗದ ಕೊನೆತನಕ ಜಗ್ಗಬಾರದು. ಎಳೆದ ಮೇಲೆ ಹಿಡಿಯನ್ನು ಕೈಯಲ್ಲೇ ಹಿಡಿದು ಒಳಗೆ ಬಿಡಿ.

ಆರು ಸಲ ಆಯಿತೇ? ಪ್ಲಗ್ ಸ್ಪ್ಯಾನರ್ ತನ್ನಿ.

ಪ್ಲಗ್ ಒಣಗಿದೆ

ಎಳೆದೂ ಎಳೆದೂ ಬಿಚ್ಚಿದ ಪ್ಲಗ್‌ನ ತುದಿ ಒಣಗಿದ್ದು, ಪೆಟ್ರೋಲ್ ವಾಸನೆಯೂ ಇಲ್ಲದಿದ್ದರೆ ಪೆಟ್ರೋಲು ಸಿಲಿಂಡರಿಗೆ ತಲುಪಿಲ್ಲ. ಟ್ಯಾಂಕಿನಿಂದ ಕೆಳಗೆ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಬನ್ನಿ.

ಮೊದಲು ಟ್ಯಾಂಕಿನ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಹಿಡಿದು ಬೆಳಕಿಗೆ ಎತ್ತಿ ನೋಡಿ. ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಯಾಕೆಂದರೆ ಈಗಿನ ಪೆಟ್ರೋಲು ನಮ್ಮ ಆರ್‌ಎಕ್ಸ್ ಕಾಲದ್ದಲ್ಲ. ಶೇಕಡಾ 20 ಎಥನಾಲ್ ಬೆರೆತ ಇ20 ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು, ಈಗ ಬಂಕಿನಲ್ಲಿ ಮಾಮೂಲಿಯಾಗಿ ಹಾಕುವುದೇ ಅದು. ಎಥನಾಲಿಗೆ ನೀರೆಂದರೆ ಬಲು ಪ್ರೀತಿ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡಲು ಸಣ್ಣ ತೂತು ಇರುತ್ತೆ, ಶೆಡ್ಡಿನ ಹೆಂಚು ಸೋರಿ ಆ ತೂತಿನಿಂದ ನೀರು ಇಳಿದರೆ ಎಥನಾಲ್ ಅದನ್ನು ಕುಡಿಯುತ್ತೆ. ಕುಡಿದು ಕುಡಿದು ಒಂದು ಮಿತಿ ದಾಟಿದಾಗ ನೀರನ್ನೂ ಕಟ್ಟಿಕೊಂಡು ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಕೂರುತ್ತೆ. ಟೂಟಿ ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನ ಜೊತೆಗೇ ಉಳಿಯುತ್ತೆ. ಟ್ಯಾಂಕಿನ ಕೊಳವೆ ಇರುವುದು ತಳದಲ್ಲಿ. ಅಂದರೆ ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ನೀರು-ಎಥನಾಲ್. ಅದರಲ್ಲಿ ಸ್ಟಾರ್ಟ್ ಆಗದಿದ್ದರೆ ನಿಮ್ಮ ಪುಣ್ಯ. ಹೇಗೋ ಸ್ಟಾರ್ಟ್ ಆಗಿ ಓಡಿದರೆ ಪಿಸ್ಟನ್ ಸವೆದು ಹಿಡಿದುಕೊಳ್ಳುತ್ತೆ.

ಬಾಟಲಿಯಲ್ಲಿ ಎರಡು ಪದರ ಕಂಡರೆ, ಅಥವಾ ಹಳೆಯ ಬಣ್ಣದ ಡಬ್ಬಿಯ ಹುಳಿ ವಾಸನೆ ಬಂದರೆ ಎಲ್ಲ ಚೆಲ್ಲಿ ಹೊಸದಾಗಿ ಬೆರೆಸಿ. ಚೆಲ್ಲುವುದೆಂದರೆ ತೋಡಿಗೆ, ಬಾವಿ ಬದಿಗೆ ಅಲ್ಲ, ಡಬ್ಬಿಗೆ ತುಂಬಿಸಿ ಗ್ಯಾರೇಜಿಗೆ ಕೊಡಿ. ಎರಡು ತಿಂಗಳ ಹಳೆಯ ಮಿಶ್ರಣವಾದರೆ ನಾನು ನೋಡಲೂ ಹೋಗಲ್ಲ, ನೇರ ಬದಲಿಸುತ್ತೇನೆ.

ಬೆರೆಸುವ ಲೆಕ್ಕ ಗಾಡಿಯ ಕೈಪಿಡಿಯಲ್ಲಿದ್ದಂತೆ. ಈ ಚಿಕ್ಕ ಎಂಜಿನ್‌ಗಳಿಗೆ ಸಾಮಾನ್ಯವಾಗಿ 25ಕ್ಕೆ 1 ಎಂದಿರುತ್ತೆ, ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂಟಿ ಆಯಿಲ್. ಅಂದಾಜಿನ ಮೇಲೆ ಸುರಿಯಬೇಡಿ, ಮಕ್ಕಳ ಔಷಧಿ ಬಾಟಲಿಯ ಅಳತೆ ಮುಚ್ಚಳ ಸಾಕು. ಬೈಕಿನ ನಾಲ್ಕು ಸ್ಟ್ರೋಕಿನ ಎಂಜಿನ್ ಆಯಿಲ್ ಇಲ್ಲಿಗೆ ಬಾರದು.

ಇನ್ನು ಮುಂದಿನ ಮೆಟ್ಟಿಲು. ಕಾರ್ಬುರೇಟರಿಗೆ ಬರುವ ಪೈಪನ್ನು ಕಿತ್ತು ಬಾಟಲಿಯೊಳಗೆ ಇಳಿಬಿಟ್ಟು ಕಾಕ್ ತೆರೆಯಿರಿ. ದಾರದ ಹಾಗೆ ಎಡೆಬಿಡದೆ ಸುರಿಯಬೇಕು. ತೊಟ್ಟಿಕ್ಕಿದರೆ ಮುಚ್ಚಳ ತೆಗೆದು ನೋಡಿ. ಆಗ ಸುರಿದರೆ ಮುಚ್ಚಳದ ಗಾಳಿ ತೂತು ಕಟ್ಟಿದೆ, ಸೂಜಿಯಿಂದ ಬಿಡಿಸಿ. ಆಗಲೂ ತೊಟ್ಟಿಕ್ಕಿದರೆ ಕಾಕ್ ಅಥವಾ ಪೈಪಿನ ನಡುವಿನ ಚಿಕ್ಕ ಫಿಲ್ಟರ್ ಕಟ್ಟಿದೆ. ಎಥನಾಲಿಗೆ ಹಳೆಯ ಪೈಪುಗಳೂ ತಡೆಯಲ್ಲ, ಕೆಲವು ಮೆತ್ತಗಾಗುತ್ತವೆ, ಕೆಲವು ಮಡಿಚಿದಲ್ಲಿ ಸೀಳುತ್ತವೆ. ಪೈಪು, ಫಿಲ್ಟರ್ ಎರಡೂ ಬೈಕ್ ಅಂಗಡಿಯಲ್ಲೇ ಸಿಗುತ್ತವೆ.

ಪೈಪಿನಲ್ಲಿ ಸರಾಗ ಬಂದರೂ ಪ್ಲಗ್ ಒಣವಾಗಿದ್ದರೆ ದೋಷ ಕಾರ್ಬುರೇಟರಿನೊಳಗೆ. ಖಚಿತ ಮಾಡಿಕೊಳ್ಳಲು ಒಂದು ಪರೀಕ್ಷೆ: ಆಯಿಲ್ ಬೆರೆಸಿದ ಪೆಟ್ರೋಲನ್ನು ಅರ್ಧ ಚಮಚ ಪ್ಲಗ್ ತೂತಿಗೆ ಹಾಕಿ, ಪ್ಲಗ್ ಬಿಗಿದು, ಚೆಲ್ಲಿದ್ದನ್ನು ಒರೆಸಿ, ಎರಡು ನಿಮಿಷ ಬಿಟ್ಟು ಎಳೆಯಿರಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ ಸರಿಯಿದೆ, ಕಂಪ್ರೆಶನ್ನೂ ಓಡುವಷ್ಟಿದೆ, ಬರಬೇಕಾದ್ದು ಪೆಟ್ರೋಲು ಮಾತ್ರ. ಕಾರ್ಬುರೇಟರ್ ಬಿಚ್ಚಿ ಸ್ವಚ್ಛ ಮಾಡುವ ಬಗೆ ಮುಂದೆ 'ಚೋಕಿನಲ್ಲಿ ಓಡುತ್ತೆ' ಅನ್ನುವ ಭಾಗದಲ್ಲಿದೆ. ಪ್ಲಗ್ ಹಾಕದೆ ಎಳೆಯುವುದು, ಕಾರ್ಬುರೇಟರ್ ಬಾಯಿಗೆ ಬಾಟಲಿಯಿಂದ ಸುರಿಯುವುದು ಬೇಡ. ಎಂಜಿನ್ ಹಿಂದಕ್ಕೆ ಉಗುಳಿದರೆ ಮೊದಲು ಹತ್ತಿಕೊಳ್ಳುವುದು ಕೈಯಲ್ಲಿರುವ ಬಾಟಲಿ.

ಪ್ಲಗ್ ಒದ್ದೆಯಾಗಿದೆ

ಒದ್ದೆ ಅಂದರೆ ಪೆಟ್ರೋಲು ಬಂದಿದೆ, ಹತ್ತಿಕೊಂಡಿಲ್ಲ. ಒಂದೋ ಅತಿಯಾಗಿ ಬಂದಿದೆ, ಇಲ್ಲವೇ ಕಿಡಿ ಇಲ್ಲ.

ಅತಿಯಾದದ್ದನ್ನು ಮೊದಲು ಹೊರಹಾಕೋಣ. ಕಾಕ್ ಮುಚ್ಚಿ, ಚೋಕ್ ತೆಗೆದು, ಕಿಲ್ ಸ್ವಿಚ್ ಆಫ್ ಮಾಡಿ, ಪ್ಲಗ್ ಹೊರಗಿಟ್ಟು, ಥ್ರಾಟಲ್ ಪೂರ್ತಿ ತೆರೆದು ಹತ್ತು ಸಲ ಹಗ್ಗ ಎಳೆಯಿರಿ. ತೂತಿನ ಮುಂದೆ ಮುಖ ಇಡಬೇಡಿ, ಪೆಟ್ರೋಲ್ ಪಿಚಕಾರಿಯ ಹಾಗೆ ಹಾರುತ್ತೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿಗೆ ಮೂರು ಎಳೆತ ಸಾಕು, ಇಲ್ಲಿ ಕ್ರ್ಯಾಂಕ್‌ಕೇಸಿನಲ್ಲೂ ಪೆಟ್ರೋಲ್ ನಿಂತಿರುವುದರಿಂದ ಹೆಚ್ಚು ಬೇಕು. ಕಾಲು ಗಂಟೆ ತೆರೆದೇ ಬಿಡಿ. ಪ್ಲಗ್ ಒರೆಸಿ ಹಾಕಿ, ಚೋಕ್ ಇಲ್ಲದೆ ಎಳೆಯಿರಿ.

ಮತ್ತೆ ಮತ್ತೆ ಹೀಗೇ ಆಗುತ್ತಿದ್ದರೆ, ಕಾರ್ಬುರೇಟರಿನ ಕೆಳಗೆ ನೆಲದ ಮೇಲೆ ಪೆಟ್ರೋಲ್ ಕಲೆ ಇದ್ದರೆ, ಒಳಗೆ ಪೆಟ್ರೋಲಿನ ಮಟ್ಟ ಕಾಯುವ ತೇಲು ಬುರುಡೆ (ಫ್ಲೋಟ್) ಸಿಕ್ಕಿಹಾಕಿಕೊಂಡಿದೆ ಅಥವಾ ಅದರ ಸೂಜಿಯ ಕೆಳಗೆ ಕಸ ಕೂತಿದೆ. ಕಾರ್ಬುರೇಟರಿನ ತಳದ ಬಟ್ಟಲಿಗೆ (ಬೌಲ್) ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ನಾಲ್ಕು ತಟ್ಟು ಕೊಟ್ಟರೆ ಬಿಡಿಸಿಕೊಳ್ಳುವುದೂ ಉಂಟು. ಬಿಡದಿದ್ದರೆ ಬೌಲ್ ಬಿಚ್ಚಬೇಕು.

ಪ್ಲಗ್ ಮೇಲೆ ಡಾಂಬರಿನ ಹಾಗೆ ಕಪ್ಪು ಜಿಡ್ಡು ಇದ್ದರೆ ಆಯಿಲ್ ಜಾಸ್ತಿಯಾಗಿದೆ, ಅಥವಾ ಚೋಕ್ ಹಾಕಿಕೊಂಡೇ ಓಡಿಸಿದ್ದೀರಿ, ಅಥವಾ ಫಿಲ್ಟರ್ ಕಟ್ಟಿದೆ. ಪ್ಲಗ್ ಉಜ್ಜಿ ಹಾಕಬಹುದು, ಆದರೆ ಹೊಸ ಪ್ಲಗ್ ಒಂದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಲೇಸು. ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಉದ್ದದ, ಅದೇ ನಂಬರಿಗೆ ಸರಿಯಾದದ್ದನ್ನು ಕೇಳಿ. ಉದ್ದದ ಪ್ಲಗ್ ಹಾಕಿದರೆ ಪಿಸ್ಟನ್ನಿಗೆ ಬಡಿಯುತ್ತೆ. ತುದಿಯ ಅಂತರ 0.6 ಮಿ.ಮೀ. ಆಸುಪಾಸು ಇರಲಿ.

ಕಿಡಿ ಇದೆಯೇ ನೋಡುವುದು

ಪ್ಲಗ್ ತೂತಿಗೆ ಬಟ್ಟೆ ತುರುಕಿ, ಸುತ್ತಮುತ್ತ ಚೆಲ್ಲಿದ ಪೆಟ್ರೋಲ್ ಒರೆಸಿ, ಆರಲು ಬಿಡಿ. ಕಿಲ್ ಸ್ವಿಚ್ ಮತ್ತೆ ಆನ್ ಮಾಡಿ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿನ ಬರಿ ಲೋಹಕ್ಕೆ ಒತ್ತಿ ಕೂರುವಂತೆ, ತೂತಿನಿಂದ ದೂರ ಇಡಿ. ಬರಿಗೈಯಲ್ಲಿ ಹಿಡಿಯಬೇಡಿ, ರಬ್ಬರ್ ಹಿಡಿಯ ಕಟಿಂಗ್ ಪ್ಲೇಯರ್ ಬಳಸಿ. ಇನ್ನೊಬ್ಬರು ಹಗ್ಗ ಎಳೆಯಲಿ. ನೆರಳಿನಲ್ಲೂ ಕಾಣುವ ನೀಲಿ ಕಿಡಿ, ಚಟಚಟ ಸದ್ದು ಬಂದರೆ ಸರಿ. ಮಂಕಾದ ಹಳದಿ ಕಿಡಿ ಹೊರಗೆ ಕಂಡರೂ ಒಳಗಿನ ಒತ್ತಡದಲ್ಲಿ ಹಾರದೆ ಹೋಗಬಹುದು.

ಕಿಡಿ ಇಲ್ಲವೇ? ಹೊಸ ಪ್ಲಗ್ ಹಾಕಿ ನೋಡಿ. ಆಮೇಲೆ ಕ್ಯಾಪ್. ಇದು ವೈರಿಗೆ ತಿರುಗಿಸಿ ಹಾಕುವ ಕ್ಯಾಪ್ ಆದರೆ ಬಿಚ್ಚಿ, ವೈರಿನ ತುದಿಯ ಅರ್ಧ ಸೆಂಟಿಮೀಟರ್ ಹಸಿರುಗಟ್ಟಿದ ಭಾಗ ಕತ್ತರಿಸಿ, ಮತ್ತೆ ತಿರುಗಿಸಿ.

ಮುಂದಿನದು ಈ ಎಂಜಿನ್ನಿನ ಗುಟ್ಟು. ಇಲ್ಲಿ ಕಿಲ್ ಸ್ವಿಚ್ ಕರೆಂಟ್ ಕಡಿಯುವುದಿಲ್ಲ, ಕಾಯಿಲಿನಿಂದ ಬರುವ ಒಂದು ತೆಳು ವೈರನ್ನು ಚಾಸಿಗೆ ಮುಟ್ಟಿಸಿ ಕಿಡಿ ಸಾಯಿಸುತ್ತೆ. ಹಾಗಾಗಿ ಆ ವೈರಿನ ಮೈ ಎಲ್ಲಾದರೂ ಉಜ್ಜಿ ಚೌಕಟ್ಟಿಗೆ ತಾಗಿದರೆ, ಇಲಿ ಕಡಿದರೆ, ಮಳೆಗಾಲದ ತೇವ ಸ್ವಿಚ್ಚಿನೊಳಗೆ ಕೂತರೆ ಗಾಡಿ ಯಾವಾಗಲೂ 'ಆಫ್'. ಪರೀಕ್ಷೆ ಸುಲಭ: ಕಾಯಿಲಿನ ಹತ್ತಿರ ಆ ತೆಳು ವೈರಿನ ಸಾಕೆಟ್ ಕಿತ್ತು, ತುದಿ ಎಲ್ಲಿಗೂ ತಾಗದಂತೆ ಹಿಡಿದು ಮತ್ತೆ ಕಿಡಿ ನೋಡಿ. ಬಂದರೆ ಕಾಯಿಲ್ ಸರಿಯಿದೆ, ದೋಷ ಸ್ವಿಚ್ಚಿನಲ್ಲೋ ದಾರದ ಪಿನ್ನಿನಲ್ಲೋ ವೈರಿನಲ್ಲೋ. ಒಂದೊಂದೇ ಸಾಕೆಟ್ ಕಿತ್ತು ನೋಡುತ್ತಾ ಹೋದರೆ ಸಿಗುತ್ತೆ.

ಈ ಪರೀಕ್ಷೆಯಲ್ಲಿ ಕಿಡಿ ಬಂದ ಖುಷಿಗೆ ವೈರ್ ಕಿತ್ತೇ ಬಿಟ್ಟು ಗಾಡಿಯನ್ನು ಮಕ್ಕಳ ಕೈಗೆ ಕೊಡುವವರಿದ್ದಾರೆ. 'ಓಡ್ತಾ ಇದೆಯಲ್ಲ, ಬಿಡಿ' ಅನ್ನುತ್ತಾರೆ. ಆ ವೈರ್ ಇಲ್ಲದ ಗಾಡಿಯನ್ನು ಸ್ವಿಚ್ಚಿನಿಂದಾಗಲಿ ದಾರದ ಪಿನ್ನಿನಿಂದಾಗಲಿ ನಿಲ್ಲಿಸಲು ಆಗಲ್ಲ. ಥ್ರಾಟಲ್ ಸಿಕ್ಕಿಹಾಕಿಕೊಂಡ ದಿನ ಮಗುವಿಗೂ ಗಾಡಿಗೂ ನಡುವೆ ಇರುವುದು ಆ ದಾರವೊಂದೇ. ಸ್ವಿಚ್ ಬದಲಿಸುವ ತನಕ ಗಾಡಿಗೆ ರಜೆ ಕೊಡಿ.

ವೈರ್ ಕಿತ್ತರೂ ಕಿಡಿ ಬರದಿದ್ದರೆ ಹಗ್ಗದ ಡಬ್ಬಿ ಬಿಚ್ಚಿ ಫ್ಲೈವೀಲ್ ನೋಡಿ. ಡಬ್ಬಿಯನ್ನು ಇಡಿಯಾಗಿ ತೆಗೆದಿಡಿ, ಅದರೊಳಗಿನ ಸುರುಳಿ ಸ್ಪ್ರಿಂಗನ್ನು ಕೆದಕಬೇಡಿ. ಬಿಗಿಯಾಗಿ ಸುತ್ತಿದ ಆ ತಗಡು ಚಿಮ್ಮಿದರೆ ಕಣ್ಣಿಗೇ ಬಡಿಯುತ್ತೆ. ಮಳೆಗಾಲದಲ್ಲಿ ಮ್ಯಾಗ್ನೆಟ್ ಮೇಲೂ ಕಾಯಿಲಿನ ಕಬ್ಬಿಣದ ಮುಖದ ಮೇಲೂ ತುಕ್ಕು ಕೂತಿರುತ್ತೆ, ನುಣುಪಾದ ಉಪ್ಪುಕಾಗದದಿಂದ ತೆಗೆಯಿರಿ. ಎರಡರ ನಡುವಿನ ಅಂತರ ಸುಮಾರು 0.3 ಮಿ.ಮೀ. ಇರಬೇಕು. ಫೀಲರ್ ಗೇಜ್ ಇಲ್ಲದಿದ್ದರೆ ಒಂದು ವಿಸಿಟಿಂಗ್ ಕಾರ್ಡ್ ಸಾಕು: ಕಾಯಿಲಿನ ಎರಡು ಸ್ಕ್ರೂ ಸಡಿಲಿಸಿ, ಮ್ಯಾಗ್ನೆಟ್ ಎದುರಿಗೆ ತಂದು, ಕಾರ್ಡ್ ನಡುವೆ ಇಟ್ಟು ಬಿಟ್ಟರೆ ಮ್ಯಾಗ್ನೆಟ್ಟೇ ಕಾಯಿಲನ್ನು ಎಳೆದುಕೊಳ್ಳುತ್ತೆ. ಸ್ಕ್ರೂ ಬಿಗಿದು ಕಾರ್ಡ್ ಎಳೆದು ತೆಗೆಯಿರಿ. ಇಷ್ಟಾದರೂ ಕಿಡಿ ಇಲ್ಲದಿದ್ದರೆ ಕಾಯಿಲ್ ಹೋಗಿದೆ, ರಿಪೇರಿ ಇಲ್ಲ, ಬದಲಿಸಬೇಕು.

ಚೋಕಿನಲ್ಲಿ ಓಡುತ್ತೆ, ಚೋಕ್ ತೆಗೆದರೆ ಸಾಯುತ್ತೆ

ತುಂಬ ಜನ ಹೇಳುವ ಲಕ್ಷಣ ಇದು. ಎಂಜಿನ್ನಿಗೆ ಪೆಟ್ರೋಲು ಕಡಿಮೆ ಅಥವಾ ಗಾಳಿ ಜಾಸ್ತಿ ಆಗುತ್ತಿದೆ. ಚೋಕ್ ಹಾಕಿಕೊಂಡೇ ಓಡಿಸಿದರಾಯಿತು ಅಂದುಕೊಳ್ಳಬೇಡಿ. ಟೂ-ಸ್ಟ್ರೋಕಿನಲ್ಲಿ ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ, ಪೆಟ್ರೋಲು ಕಡಿಮೆಯಾದಷ್ಟೂ ಆಯಿಲ್ಲೂ ಕಡಿಮೆ.

ಹತ್ತರಲ್ಲಿ ಎಂಟು ಸಲ ಕಾರ್ಬುರೇಟರಿನ ಸಣ್ಣ ದಾರಿ ಕಟ್ಟಿರುತ್ತೆ. ಕಾಕ್ ಮುಚ್ಚಿ ಬೌಲ್ ಬಿಚ್ಚಿ. ಒಳಗೆ ಸುಣ್ಣದ ಹಾಗೆ ಬಿಳಿ ಪುಡಿ, ಹಸಿರು ಅಂಟು ಇದ್ದರೆ ಅದು ನಿಂತ ಪೆಟ್ರೋಲಿನ ಕೆಲಸ. ಜೆಟ್, ಅಂದರೆ ಪೆಟ್ರೋಲು ಹಾಯುವ ಸಣ್ಣ ತೂತಿನ ಹಿತ್ತಾಳೆ ತುಣುಕು, ಬಿಚ್ಚಿ ಬೆಳಕಿಗೆ ಹಿಡಿದರೆ ದುಂಡನೆಯ ಚುಕ್ಕಿ ಬೆಳಕು ಕಾಣಬೇಕು. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆಯಿರಿ, ಹೊಡೆಯುವಾಗ ಕನ್ನಡಕ ಇರಲಿ. ಮೊಂಡಾದರೆ ಕರೆಂಟ್ ವೈರಿನೊಳಗಿನ ಒಂದೇ ಎಳೆ ತಾಮ್ರದ ತಂತಿ ತೂರಿಸಿ. ಹೊಲಿಗೆ ಸೂಜಿ, ಸೇಫ್ಟಿ ಪಿನ್ ಬೇಡ, ತೂತು ದೊಡ್ಡದಾದರೆ ಜೆಟ್ ಕೆಟ್ಟಿತು. ಜೋಡಿಸುವಾಗ ಥ್ರಾಟಲಿನ ಸ್ಲೈಡ್ (ಥ್ರಾಟಲ್ ಒತ್ತಿದಾಗ ಮೇಲೇಳುವ ತುಂಡು) ಸರಿಯಾದ ದಿಕ್ಕಿಗೆ ಕೂರಲಿ. ಅದರ ಮೈಮೇಲಿನ ಗೀರು ಒಳಗಿನ ಮೊಳೆಗೆ ಹೊಂದಬೇಕು, ಓರೆ ಕತ್ತರಿಸಿದ ಬದಿ ಏರ್ ಫಿಲ್ಟರ್ ಕಡೆಗೆ. ತಪ್ಪಿದರೆ ಸ್ಲೈಡ್ ಮೇಲೆಯೇ ನಿಲ್ಲುತ್ತೆ, ಸ್ಟಾರ್ಟ್ ಆದೊಡನೆ ಎಂಜಿನ್ ಕಿರುಚುತ್ತೆ. ಹಿಂದಿನ ಚಕ್ರ ಎತ್ತಿಡಿ ಎಂದದ್ದು ಇದಕ್ಕೇ.

ಕಾರ್ಬುರೇಟರ್ ಸ್ವಚ್ಛವಾದರೂ ಅದೇ ಲಕ್ಷಣ ಇದ್ದರೆ ಎಲ್ಲೋ ಕಳ್ಳ ಗಾಳಿ ನುಗ್ಗುತ್ತಿದೆ. ಕಾರ್ಬುರೇಟರಿಗೂ ಎಂಜಿನ್ನಿಗೂ ನಡುವಿನ ಮ್ಯಾನಿಫೋಲ್ಡಿನ ಬೋಲ್ಟುಗಳನ್ನು ಬಿಗಿ ಮಾಡಿ. ಈ ಗಾಡಿಗಳ ನಡುಕಕ್ಕೆ ಅವು ಸಡಿಲಾಗುವುದು ಮಾಮೂಲು. ಗ್ಯಾಸ್ಕೆಟ್ ಹರಿದಿದೆಯೇ ತಿಳಿಯಲು ಎಂಜಿನ್ ತಣ್ಣಗಿರುವಾಗ ಜೋಡಣೆಯ ಸುತ್ತ ದಪ್ಪ ಗ್ರೀಸ್ ಮೆತ್ತಿ ಸ್ಟಾರ್ಟ್ ಮಾಡಿ. ಮೊದಲಿಗಿಂತ ಚೆನ್ನಾಗಿ ನಿಂತು ಓಡಿದರೆ ಸೋರಿಕೆ ಅಲ್ಲೇ. ಓಡುತ್ತಿರುವ ಎಂಜಿನ್ ಮೇಲೆ ಸ್ಪ್ರೇ ಹೊಡೆದು ನೋಡುವ ಪದ್ಧತಿಯೂ ಇದೆ. ಬಿಸಿ ಸೈಲೆನ್ಸರ್ ಪಕ್ಕದಲ್ಲೇ ಇರುವ ಈ ಗಾಡಿಗಳಲ್ಲಿ ನನಗೆ ಅದು ಇಷ್ಟವಿಲ್ಲ.

ಅಲ್ಲೂ ಸೋರಿಕೆ ಸಿಗದಿದ್ದರೆ, ಥ್ರಾಟಲ್ ಬಿಟ್ಟರೂ ಎಂಜಿನ್ ಸದ್ದು ತಾನಾಗಿ ಏರುತ್ತಾ ಹೋದರೆ ಕ್ರ್ಯಾಂಕಿನ ಆಯಿಲ್ ಸೀಲ್ ಹೋಗಿರಬಹುದು. ಎಂಜಿನ್ ಬಿಚ್ಚುವ ಕೆಲಸ ಇದು, ಅನುಭವ ಇಲ್ಲದವರು ಇಲ್ಲಿಗೆ ನಿಲ್ಲಿಸಿ. ಹಳೆ ಟೂ-ಸ್ಟ್ರೋಕ್ ಬೈಕ್ ಬಿಚ್ಚಿ ಪಳಗಿದ ಮೆಕ್ಯಾನಿಕ್ ನಿಮ್ಮ ಪೇಟೆಯಲ್ಲಿ ಇನ್ನೂ ಇದ್ದರೆ ಅವರೇ ಸರಿ. ಹೊಸ ಹುಡುಗರಿಗೆ ಸ್ಕ್ಯಾನರ್ ಸಿಕ್ಕಿಸಲು ಜಾಗ ಇಲ್ಲದ ಎಂಜಿನ್ ಕಂಡರೆ ಬೇಜಾರು.

ಐದು ನಿಮಿಷ ಓಡಿ ನಿಲ್ಲುತ್ತೆ, ಆರುವ ತನಕ ಸ್ಟಾರ್ಟ್ ಆಗಲ್ಲ

ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಹುಸ್' ಅಂತ ಗಾಳಿ ಒಳಗೆಳೆದುಕೊಂಡು, ಅರ್ಧ ನಿಮಿಷ ಬಿಟ್ಟು ಸ್ಟಾರ್ಟ್ ಆದರೆ ಮುಚ್ಚಳದ ತೂತೇ ಕಾರಣ.

ಅದಲ್ಲದಿದ್ದರೆ ಬಿಸಿ ಇರುವಾಗಲೇ, ಕೈ ಸುಟ್ಟುಕೊಳ್ಳದ ಹಾಗೆ ಪ್ಲಗ್ ಬಿಚ್ಚಿ ಕಿಡಿ ನೋಡಿ. ಬಿಸಿಯಲ್ಲಿ ಇಲ್ಲ, ಆರಿದ ಮೇಲೆ ಇದೆ ಅಂದರೆ ಕಾಯಿಲ್ ಒಳಗೆ ಸೀಳು ಬಿಟ್ಟಿದೆ. ಬಿಸಿಯಲ್ಲೂ ಕಿಡಿ ಚೆನ್ನಾಗಿದ್ದು ಹಗ್ಗ ಮಾತ್ರ ತಣ್ಣಗಿದ್ದಾಗಿನದಕ್ಕಿಂತ ಹಗುರಾಗಿದ್ದರೆ ಪಿಸ್ಟನ್ ರಿಂಗ್ ಸವೆದಿದೆ.

ಬಿಸಿ ಎಂಜಿನ್ನಿಗೆ ಅಭ್ಯಾಸಬಲದಿಂದ ಚೋಕ್ ಹಾಕಿ ಎಳೆದು ತಾವೇ ಒದ್ದೆ ಮಾಡಿಕೊಳ್ಳುವುದೂ ಇದೆ. ಅದು ಗಾಡಿಯ ದೋಷವಲ್ಲ.

ಹಗ್ಗ ಎಳೆಯುವಾಗಲೇ ಏನೋ ಬೇರೆ ಅನಿಸುತ್ತೆ

*ಬೆಣ್ಣೆಯ ಹಾಗೆ ಹಗುರ:* ಎಂಜಿನ್ ತಿರುಗದೆ ಹಗ್ಗ ಮಾತ್ರ ಬಂದರೆ ಡಬ್ಬಿಯೊಳಗಿನ ಕೊಕ್ಕೆ ಮುರಿದಿದೆ, ಡಬ್ಬಿ ಇಡಿಯಾಗಿ ಬದಲಿಸುವುದೇ ಸುಲಭ. ಎಂಜಿನ್ ತಿರುಗುತ್ತಿದ್ದೂ ತಡೆ ಇಲ್ಲದಿದ್ದರೆ ಕಂಪ್ರೆಶನ್ ಇಲ್ಲ. ಪ್ಲಗ್ ತೂತಿಗೆ ಹೆಬ್ಬೆರಳು ಒತ್ತಿ ಎಳೆಸಿದರೆ ಬೆರಳನ್ನು ಆಚೆ ತಳ್ಳಬೇಕು. ಗೇಜ್ ಇರುವ ಮೆಕ್ಯಾನಿಕ್ ಸಿಕ್ಕಿದರೆ ಅಳೆಸಿ. 120 ಪಿಎಸ್‌ಐ ಆಸುಪಾಸು ಬಂದರೆ ಒಳ್ಳೆಯದು, 90ಕ್ಕಿಂತ ಕೆಳಗಾದರೆ ಕೈಯಿಂದ ಎಳೆದು ಸ್ಟಾರ್ಟ್ ಮಾಡುವುದು ಕಷ್ಟ. ಹೆಡ್ಡಿನ ನಟ್ಟುಗಳು ಸಡಿಲಾಗಿ ಸೋರುತ್ತಿರಬಹುದು, ಅದನ್ನು ಮೊದಲು ನೋಡಿ.

*ಹಗ್ಗ ಬರುವುದೇ ಇಲ್ಲ:* ಬಲ ಹಾಕಬೇಡಿ. ಪ್ಲಗ್ ಬಿಚ್ಚಿ ಮೆಲ್ಲಗೆ ಎಳೆಯಿರಿ. ಪೆಟ್ರೋಲು ಅಥವಾ ನೀರು ಉಗುಳಿ ಸಲೀಸಾದರೆ ಸಿಲಿಂಡರ್ ತುಂಬಿಕೊಂಡಿತ್ತು, ಅಷ್ಟೇ. ಆಗಲೂ ಬರದಿದ್ದರೆ ಪಿಸ್ಟನ್ ಹಿಡಿದಿದೆ. ನಮ್ಮ ಮನೆಯ ಗಾಡಿಗೆ ಒಮ್ಮೆ ಹೀಗಾಯಿತು. ನೆಂಟರೊಬ್ಬರು ಮಕ್ಕಳ ಮೇಲಿನ ಅಕ್ಕರೆಗೆ ತಮ್ಮ ಸ್ಕೂಟರಿನಿಂದ ಬರಿ ಪೆಟ್ರೋಲ್ ಇಳಿಸಿ ಹಾಕಿದ್ದರು. ಹತ್ತು ನಿಮಿಷ ಭರ್ಜರಿಯಾಗಿ ಓಡಿತಂತೆ. ಸೈಲೆನ್ಸರಿನ ಎರಡು ಬೋಲ್ಟ್ ಬಿಚ್ಚಿ ಟಾರ್ಚ್ ಬಿಟ್ಟರೆ ಆ ತೂತಿನಿಂದಲೇ ಪಿಸ್ಟನ್ನಿನ ಪಕ್ಕ ಕಾಣುತ್ತೆ. ನುಣುಪಾಗಿ ಹೊಳೆದರೆ ಸರಿ, ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು ಇದ್ದರೆ ಮುಗಿಯಿತು. ನಮ್ಮದು ಪರಚಿತ್ತು. ಇಂಥ ಗೀರು ಕಂಡ ಮೇಲೆ ಮತ್ತೆ ಎಳೆಯಬೇಡಿ, ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ಈ ಜಾತಿಯ ಕೆಲವು ಸಿಲಿಂಡರುಗಳಿಗೆ ಒಳಗೆ ಗಟ್ಟಿ ಲೇಪನ ಇರುತ್ತೆ, ಬೈಕಿನ ಹಾಗೆ ರೀಬೋರ್ ಮಾಡಿಸಲು ಆಗಲ್ಲ. ಪಿಸ್ಟನ್, ರಿಂಗ್, ಸಿಲಿಂಡರ್ ಸೇರಿದ ಕಿಟ್ಟೇ ಬೇಕು. ಕಿಟ್ಟಿನ ಬೆಲೆ, ಕೂಲಿ ಸೇರಿಸಿ ಗಾಡಿಯ ಬೆಲೆಗೆ ಹೋಲಿಸಿ ನೋಡಿ ತೀರ್ಮಾನಿಸಿ.

*ಹಗ್ಗ ಕೈಯನ್ನು ವಾಪಸ್ ಜಗ್ಗುತ್ತೆ, ಕಾರ್ಬುರೇಟರಿನಿಂದ 'ಫೂತ್' ಅಂತ ಉಗುಳುತ್ತೆ:* ಕಿಡಿ ಇದೆ, ಪೆಟ್ರೋಲಿದೆ, ಕಂಪ್ರೆಶನ್ ಇದೆ, ಆದರೂ ಹೀಗಾದರೆ ಕಿಡಿ ಹೊತ್ತು ತಪ್ಪಿ ಬರುತ್ತಿದೆ. ಫ್ಲೈವೀಲ್ ನಟ್ ಸಡಿಲಾಗಿ, ಅದನ್ನು ಕ್ರ್ಯಾಂಕಿಗೆ ಕೂರಿಸುವ ಪುಟ್ಟ ಕೀ ಕತ್ತರಿಸಿರುತ್ತೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು, ಸುತ್ತಿಗೆಯಲ್ಲಿ ಹೊಡೆದರೆ ಕ್ರ್ಯಾಂಕ್ ಸೊಟ್ಟಗಾಗುತ್ತೆ. ಇದೂ ಮೆಕ್ಯಾನಿಕ್ ಕೆಲಸ. ಅಲ್ಲಿಯತನಕ ಎಳೆಯಲೂಬೇಡಿ, ಮಣಿಕಟ್ಟು ಉಳುಕುತ್ತೆ.

ಸ್ಟಾರ್ಟ್ ಆಗುತ್ತೆ, ಆದರೆ ಆಗುತ್ತಲೇ ಚಕ್ರ ತಿರುಗುತ್ತೆ

ಐಡಲ್‌ನಲ್ಲಿ, ಅಂದರೆ ಥ್ರಾಟಲ್ ಒತ್ತದೆ ಎಂಜಿನ್ ಓಡುವಾಗ, ಹಿಂದಿನ ಚಕ್ರ ತಿರುಗಬಾರದು. ಚೋಕ್ ತೆಗೆದ ಮೇಲೂ ತಿರುಗಿದರೆ ಮೊದಲು ಐಡಲ್ ಸ್ಕ್ರೂ ತುಸು ಸಡಿಲಿಸಿ. ಈಗ ಮುಟ್ಟಬಹುದು. ಎಂಜಿನ್ ನಿಲ್ಲುವಷ್ಟು ಇಳಿಸಿದರೂ ಚಕ್ರ ತಿರುಗುತ್ತಲೇ ಇದ್ದರೆ ಕ್ಲಚ್ಚಿನ ಸ್ಪ್ರಿಂಗ್ ಮುರಿದಿದೆ. ಸ್ಟಾರ್ಟ್ ಆಗದಿದ್ದುದಕ್ಕೂ ಅದೇ ಕಾರಣ ಇರಬಹುದು. ನೀವು ಹಗ್ಗ ಎಳೆದಾಗಲೆಲ್ಲ ಎಂಜಿನ್ನಿನ ಜೊತೆ ಚೈನು, ಚಕ್ರ ಎಲ್ಲವನ್ನೂ ಎಳೆಯುತ್ತಿದ್ದಿರಿ. ಸ್ಪ್ರಿಂಗ್ ಬದಲಿಸುವ ತನಕ ಮಕ್ಕಳನ್ನು ಕೂರಿಸಬೇಡಿ.

ಮುಂದಿನ ಮೇ ತಿಂಗಳಿಗೆ

ಶೆಡ್ಡಿಗೆ ತಳ್ಳುವ ದಿನ ಟ್ಯಾಂಕ್ ಖಾಲಿ ಮಾಡಿ. ಕಾಕ್ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಐಡಲ್‌ನಲ್ಲಿ ಬಿಡಿ. ಬೌಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದದ್ದನ್ನೂ ಬಸಿಯಿರಿ. ಪ್ಲಗ್ ತೂತಿಗೆ ಒಂದು ಚಮಚ ಟೂಟಿ ಆಯಿಲ್ ಹಾಕಿ, ಪ್ಲಗ್ ಬಿಗಿದು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ತಡೆ ಸಿಕ್ಕಿದಲ್ಲಿ ನಿಲ್ಲಿಸಿ. ಆ ಜಾಗದಲ್ಲಿ ಪಿಸ್ಟನ್ ಸಿಲಿಂಡರಿನ ಬಾಗಿಲುಗಳನ್ನು ಮುಚ್ಚಿಕೊಂಡಿರುತ್ತೆ, ಮಳೆಗಾಲದ ತೇವ ಒಳಗೆ ಹೋಗಲ್ಲ. ಸೈಲೆನ್ಸರ್ ಬಾಯಿಗೆ ಹಳೆ ಬಟ್ಟೆ ತುರುಕಿ, ಅದರ ಒಂದು ಬಾಲ ಹೊರಗೆ ಉದ್ದಕ್ಕೆ ಕಾಣುವಂತೆ ಬಿಡಿ. ಇಲ್ಲದಿದ್ದರೆ ಅಕ್ಟೋಬರ್‌ನಲ್ಲಿ ಅದನ್ನು ತೆಗೆಯಲು ಮರೆತು ಹಗ್ಗ ಎಳೆಯುತ್ತೀರಿ.